ಎಂಟು ಸೀಟಿನ ಕಾರು

ಕರಂಗ್‌ಸೋಕದಲ್ಲಿ ಹಳೇ ಕಾರು ಕೊಳ್ಳುವವರು ಮೊದಲು ಕರ್ಸಿದಿಯ ಮನೆಗೆ ಹೋಗುತ್ತಿದ್ದರು, ಆಮೇಲೆ ಮಾರುವವನ ಮನೆಗೆ. ಹಾಗೇ ಆಗಬೇಕೆಂದು ಯಾರೂ ಡಂಗುರ ಸಾರಿದ್ದಲ್ಲ. ಮೂವತ್ತೊಂದು ವರ್ಷ ಸೋಲೊ–ಸುರಬಾಯ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಇಂಜಿನ್ನಿನ ಸದ್ದು ಕೇಳಿಯೇ ಅದರ ಜಾತಕ ಹೇಳುತ್ತಿದ್ದ. ಇಂಜಿನ್ನು ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಹೊಗೆ ಬರುತ್ತದೆಯೇ ಎಂದು ನೋಡುವನು. ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದು, ಬುಡದಲ್ಲಿ ಕೆಸರಿನ ಗೆರೆ ಕಂಡರೆ, ಇದು ಪ್ರವಾಹದಲ್ಲಿ ಮುಳುಗಿ ಎದ್ದ ಗಾಡಿ ಎಂದು ಕೈ ಒರೆಸಿಕೊಂಡು ಎದ್ದುಬಿಡುವನು. ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಮೇಲೆ ಆಡಿಸುವನು. ಅದು ಹಿಡಿಯದೆ ಜಾರಿದ ಕಡೆ ತಗಡಿಲ್ಲ, ಬಣ್ಣದಡಿ ಮೆತ್ತಿದ ಬರೀ ಪುಟ್ಟಿ. ಬಣ್ಣ ಎಷ್ಟು ಚೆನ್ನಾಗಿದೆ ಎಂದು ಯಾರಾದರೂ ಹಲ್ಲು ಕಿರಿದರೆ, "ನೀವು ಗಾಡಿ ನೋಡೋಕೆ ಬಂದ್ರೋ, ಹೆಣ್ಣು ನೋಡೋಕೆ ಬಂದ್ರೋ?" ಎಂದು ಕೇಳುವನು.

ಅಂಥವನು ನಾಲ್ಕು ತಿಂಗಳಿಂದ ಯಾರ ಕಾರನ್ನೂ ನೋಡಿರಲಿಲ್ಲ. ಯಾಕೆ ಎಂಬುದು ಕೇರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವನ ಹೆಂಡತಿ ಪರ್ತಿನಿ ಬೇಯಿಸಿದ ಸೋಯಾ ಕಾಳನ್ನು ಬಾಳೆಲೆಯಲ್ಲಿ ಕಟ್ಟುತ್ತ ಕೂತಿದ್ದಳು. ಎದೆ ಹಿಡಿದುಕೊಂಡ ಹಾಗಾಗುತ್ತಿದೆ ಎಂದಳು, ಎಡಗೈ ಭಾರ ಎಂದಳು. ಕರ್ಸಿದಿ ಅವಳನ್ನು ತೋಳು ಹಿಡಿದು ತಂದು ತನ್ನ ಬಂತೆಂಗ್ ಕಾರಿನ ನಡುವಿನ ಸೀಟಿನಲ್ಲಿ ಕೂರಿಸಿದ. ಬಂತೆಂಗ್ ಎಂದರೆ ಎಂಟು ಸೀಟಿನ ಡೀಸೆಲ್ ಗಾಡಿ. ಆಸ್ಪತ್ರೆ ಇರುವುದು ಗುಡ್ಡದ ಮೇಲಿನ ಪೇಟೆಯಲ್ಲಿ, ಏಳು ಕಿಲೋಮೀಟರ್, ಪೂರಾ ಏರು. ಅವನು ಕೀಲಿ ತಿರುಗಿಸುವಷ್ಟರಲ್ಲಿ ಕೇರಿ ಬಂದಿತು. ನಮ್ಮ ಕಡೆ ಕಾಯಿಲೆಯಾದವರನ್ನು ಒಂಟಿಯಾಗಿ ಆಸ್ಪತ್ರೆಗೆ ಕಳಿಸುವುದಿಲ್ಲ, ಕಳಿಸಿದರೆ ಕೇರಿಯ ಮಾನ ಹೋಗುತ್ತದೆ. ಒಬ್ಬರು ಚಾಪೆ ತಂದರು, ಒಬ್ಬರು ಬಿಸಿನೀರಿನ ಫ್ಲಾಸ್ಕು, ಇನ್ನೊಬ್ಬರು ಮಧ್ಯಾಹ್ನದ ಊಟದ ಪೊಟ್ಟಣ. ಎಂಟು ಸೀಟಿನ ಕಾರಿನಲ್ಲಿ ಹನ್ನೊಂದು ಜನ ಕೂತರು.

ಗಾಡಿ ಮೊದಲನೇ ಗೇರಿನಲ್ಲಿ ತೆವಳಿತು. ಬಿದಿರು ಮೆಳೆಯ ತಿರುವಿನಲ್ಲಿ ರೇಡಿಯೇಟರು ಕುದಿದು ನಿಂತೇಬಿಟ್ಟಿತು. ನೀರು ಹುಯ್ದು, ಆರಲು ಬಿಟ್ಟು, ಮತ್ತೆ ತೆವಳಿ ಆಸ್ಪತ್ರೆ ಮುಟ್ಟುವಾಗ ನಲವತ್ತೆಂಟು ನಿಮಿಷವಾಗಿತ್ತು. ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತ, "ಇನ್ನೊಂದು ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು" ಎಂದರು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕೇಳಿದ್ದು ಕರ್ಸಿದಿ ಒಬ್ಬನೇ. ಉಳಿದವರೆಲ್ಲ ಹೊರಗೆ ಚಾಪೆ ಹಾಸುತ್ತಿದ್ದರು.

ಪರ್ತಿನಿ ಹೋದ ಎಂಟನೆಯ ದಿನ ಅವನು ಆ ಕಾರನ್ನು ಕೋಸು ಮಾರುವ ಒಬ್ಬನಿಗೆ ಕೊಟ್ಟುಬಿಟ್ಟ. ಆ ಗಾಡಿಗೆ ದಮ್ಮಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದ. ಬೇರೆಯವರ ಕಾರಾಗಿದ್ದರೆ ಇಂಥ ತೀರ್ಪು ಕೊಡುವ ಮೊದಲು ಹತ್ತು ಸಲ ಓಡಿಸಿ ನೋಡುತ್ತಿದ್ದ. ತನ್ನ ವಿಷಯದಲ್ಲಿ ನೋಡುವುದಕ್ಕೆ ಮನಸ್ಸಾಗಲಿಲ್ಲ. ಅವನ ಬಂತೆಂಗ್ ಹದಿನೆಂಟು ವರ್ಷದಲ್ಲಿ ಒಂದು ದಿನವೂ ಖಾಲಿಯಾಗಿ ಗುಡ್ಡ ಹತ್ತಿದ್ದಿಲ್ಲ ಎಂಬುದೂ ನಿಜವೇ. ಮದುವೆ ದಿಬ್ಬಣ, ಸಂತೆ, ಹಬ್ಬದ ಓಡಾಟ; ಅವನ ಕಾರು ಹೊರಟರೆ ಕೇರಿ ಹೊರಟ ಹಾಗೆ.

ಮೂರನೆಯ ದಿನ, ಏಳನೆಯ ದಿನ, ನಲವತ್ತು, ನೂರು, ಎಲ್ಲ ಪ್ರಾರ್ಥನೆಗಳೂ ಕ್ರಮವಾಗಿ ಆದವು. ಜನ ಬಂದರು, ಕೂತರು, ಉಂಡರು, ಪೊಟ್ಟಣ ಹಿಡಿದು ಹೋದರು. ಕರ್ಸಿದಿ ಬಾಗಿಲಲ್ಲಿ ನಿಂತು ಎಲ್ಲರ ಕೈ ಹಿಡಿದ. ಅಳು ಬರಲಿಲ್ಲ. ಪಕ್ಕದ ಮನೆಯಿಂದ ಬಂದ ಸಾರಿನಲ್ಲಿ ಉಪ್ಪಿಲ್ಲ ಎಂಬುದು ಅವನಿಗೆ ಮೂರು ದಿನ ಗೊತ್ತೇ ಆಗಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಆ ಜೋಮು ಅವನ ಮನಸ್ಸಿಗೆ ಹಿಡಿದಿತ್ತು.

ಹೀಗಿರುವಾಗ ಒಂದು ಸಂಜೆ ಸಿಗಿತ್ ಮತ್ತು ಅವನ ಹೆಂಡತಿ ವೆನಿಂಗ್ ಬಂದರು. ಸಿಗಿತ್ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ, ಮಾತು ಕಡಿಮೆ. ವೆನಿಂಗ್ ಶಿಶುವಿಹಾರದ ಟೀಚರು, ಅವನ ಪಾಲಿನ ಮಾತನ್ನೂ ಅವಳೇ ಆಡುವವಳು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಊರಿನ ಕಿರಿಯರೆಲ್ಲ ಕರ್ಸಿದಿಯನ್ನು ಪಾಕ್‌ದೆ, ಅಂದರೆ ದೊಡ್ಡಪ್ಪ, ಎಂದೇ ಕರೆಯುತ್ತಿದ್ದರು; ಓರಗೆಯವರು ಮರ್ಯಾದೆಗೆ ಹೆಸರಿನ ಮೊದಲು ಪಾಕ್ ಸೇರಿಸುತ್ತಿದ್ದರು.

"ಪಾಕ್‌ದೆ, ದಲ್ಲಾಳಿ ಜುಮಾದಿ ಎರಡು ಗಾಡಿ ತಂದಿದ್ದಾನೆ," ಎಂದು ಸಿಗಿತ್ ಚಹಾದ ಲೋಟ ನೋಡುತ್ತ ಹೇಳಿದ. "ಒಂದು ಮೆಲಾತಿ, ಸಣ್ಣದು. ಇನ್ನೊಂದು..." ಎಂದು ನಿಲ್ಲಿಸಿದ.

"ಇನ್ನೊಂದು ಬಂತೆಂಗ್," ಎಂದಳು ವೆನಿಂಗ್. "ನಿಮ್ಮದಲ್ಲ, ಅದೇ ವರ್ಷದ್ದು. ಎರಡ್ರಲ್ಲಿ ಯಾವ್ದು ತಗೊಳ್ಳೋಣ ಅಂತ ನೀವು ನೋಡಿ ಹೇಳ್ಬೇಕು."

"ನೋಡೋಣ," ಎಂದ ಕರ್ಸಿದಿ.

"ನೋಡೋಣ ಅಂದ್ರೆ ಆಗಲ್ಲ ಅಂತ. ನಂಗೂ ಗೊತ್ತು ಪಾಕ್‌ದೆ, ನಾನೂ ಇದೇ ಊರೋಳು." ಅವಳು ಸೊಂಟಕ್ಕೆ ಕೈ ಕೊಟ್ಟು ಸರಿದು ಕೂತಳು. "ಮೊದಲ್ನೇ ಮಗು ಹೋಯ್ತಲ್ಲ, ನಿಮಗೆ ಗೊತ್ತು. ಈ ಸಲ ರಕ್ತದ ಒತ್ತಡ ಏರಿದೆ. ನೋವು ಶುರುವಾದ ಅರ್ಧ ಗಂಟೇಲಿ ಆಸ್ಪತ್ರೇಲಿರ್ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ಆಂಬುಲೆನ್ಸು ಮೇಲಿಂದ ಇಳ್ದು ಮತ್ತೆ ಹತ್ತೋ ಹೊತ್ತಿಗೆ ಮಗೂಗೆ ಹಲ್ಲು ಬಂದಿರತ್ತೆ. ಇವ್ರ ಮೋಟರ್ ಸೈಕಲ್ಲಲ್ಲಿ ಕೂರೋ ಹಾಗಿಲ್ಲ. ನಂಗೆ ಬೇಕಾಗಿರೋದು ಗುಡ್ಡ ಹತ್ತೋ ಗಾಡಿ. ಯಾವ್ದು ಹತ್ತತ್ತೆ ಅಂತ ನಿಮ್ಮನ್ನ ಬಿಟ್ಟು ಯಾರನ್ನ ಕೇಳ್ಲಿ?"

ಕರ್ಸಿದಿಗೆ ಏನೂ ಅನ್ನಿಸಲಿಲ್ಲ. ಕನಿಕರವೂ ಬರಲಿಲ್ಲ, ಕೋಪವೂ ಬರಲಿಲ್ಲ. ಬಾಯಿ ಮಾತ್ರ ಹಳೇ ಅಭ್ಯಾಸದಂತೆ ಕೆಲಸ ಮಾಡಿತು. "ಭಾನುವಾರ ಬೆಳಿಗ್ಗೆ. ಇಂಜಿನ್ನು ಬಿಸಿ ಮಾಡಿ ತರ್ಬೇಡ ಅಂತ ಜುಮಾದಿಗೆ ಹೇಳು. ತಣ್ಣಗಿರೋವಾಗ್ಲೇ ಅದ್ರ ಬಂಡವಾಳ ಗೊತ್ತಾಗೋದು," ಎಂದ.

ಭಾನುವಾರ ಮಸೀದಿ ಪಕ್ಕದ ಬ್ಯಾಡ್ಮಿಂಟನ್ ಅಂಗಳದಲ್ಲಿ ಎರಡೂ ಕಾರು ನಿಂತಿದ್ದವು. ಅಂದು ಚರಂಡಿ ಬಳಿಯುವ ಸಾಮೂಹಿಕ ಶ್ರಮದಾನ ಇತ್ತು. ಕಾರು ಬಂದಿದ್ದೇ ತಡ, ಗುದ್ದಲಿಗಳೆಲ್ಲ ಗೋಡೆಗೊರಗಿದವು. ಕೇರಿಯ ಮುಖಂಡ ಸಮಿರಾನ್ ಎಲ್ಲರಿಗಿಂತ ಮುಂದೆ ನಿಂತ. ದೊಡ್ಡ ಹೊಟ್ಟೆ, ದೊಡ್ಡ ದನಿ. ಇಂಜಿನ್ನಿನ ಬಗ್ಗೆ ಏನೂ ಗೊತ್ತಿಲ್ಲದ್ದರಿಂದ ಎಲ್ಲಕ್ಕೂ ಅಭಿಪ್ರಾಯ ಇದ್ದವನು.

"ಯೋಚನೆ ಯಾಕೆ ಮಾಡ್ತೀಯ ಸಿಗಿತ್? ದೊಡ್ಡದೇ ತಗೋ. ಪಾಕ್ ಕರ್ಸಿದಿ ಗಾಡಿ ಹೋದ್ಮೇಲೆ ಈ ಕೇರಿಗೊಂದು ಗಾಡಿ ಇಲ್ದೆ ಹೋಗಿದೆ," ಎಂದ. ಹೇಳಿದ ಮೇಲೆ ಎಡವಟ್ಟಾಯಿತೆಂದು ಗೊತ್ತಾಗಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಈ ಮೆಲಾತಿ ಒಬ್ರು ಮೇಷ್ಟ್ರದ್ದು," ಎಂದು ಜುಮಾದಿ ಶುರು ಮಾಡಿದ. "ಶುಕ್ರವಾರ ಮಸೀದಿಗೆ, ತಿಂಗಳಿಗೊಂದ್ಸಲ ಬ್ಯಾಂಕಿಗೆ. ಅಷ್ಟು ಬಿಟ್ರೆ ಹೊರಗೇ ತೆಗ್ದಿಲ್ಲ."

"ನೀನು ತರೋ ಗಾಡಿಯೆಲ್ಲ ಮೇಷ್ಟ್ರದ್ದೇ," ಎಂದ ಕರ್ಸಿದಿ ಬಗ್ಗಿ ಕಾರಿನ ಅಡಿ ನೋಡುತ್ತ. "ಈ ಜಿಲ್ಲೇಲಿ ಅಷ್ಟು ಜನ ಮೇಷ್ಟ್ರು ಇದ್ದಿದ್ರೆ ನಿಂಗೂ ನಾಲ್ಕಕ್ಷರ ಬರ್ತಿತ್ತು."

ಜನ ನಕ್ಕರು. ಪಾಕ್ ಕರ್ಸಿದಿ ಮೊದಲಿನ ಹಾಗಾದ ಎಂದುಕೊಂಡರು. ಅವನಿಗೆ ಒಳಗೆ ನಗು ಇರಲಿಲ್ಲ. ಬಸ್ಸಿನ ಹಾರನ್ನು ಒತ್ತಿದರೆ ಸದ್ದು ಬರುವಂತೆ ಮಾತು ಬಂದಿತ್ತು, ಅಷ್ಟೇ.

ಅವನು ಎರಡೂ ಕಾರನ್ನು ಪದ್ಧತಿಯಂತೆ ನೋಡಿದ. ಮೆಲಾತಿಯ ಎಡ ಬಾಗಿಲಿನಲ್ಲಿ ಅಯಸ್ಕಾಂತ ಜಾರಿತು, ಬಾಕಿ ಎಲ್ಲ ಹಿಡಿಯಿತು. ಬೆಲ್ಟು ಶುದ್ಧವಾಗಿತ್ತು. ಬಂತೆಂಗ್‌ನ ತಗಡು ಗಟ್ಟಿ, ಹಿಂದಿನ ಸೀಟಿನ ಹೊದಿಕೆ ಹರಿದಿತ್ತು, ಆಯಿಲ್ ಮುಚ್ಚಳದಲ್ಲಿ ಹೊಗೆ ಇರಲಿಲ್ಲ. ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದ; ಗಾಳಿ ಸಮನಾಗಿ ತಟ್ಟಿತು. ಅದೇ ಸದ್ದು, ಅದೇ ಡೀಸೆಲ್ ವಾಸನೆ. ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

ಮೊದಲು ಮೆಲಾತಿ ಹೊರಟಿತು. ಕರ್ಸಿದಿ ಓಡಿಸಿದ, ಸಿಗಿತ್ ಪಕ್ಕದಲ್ಲಿ, ವೆನಿಂಗ್ ಹಿಂದೆ. ನಾಲ್ಕೇ ಸೀಟಿನ ಗಾಡಿಗೆ ಹತ್ತಲು ಕೇರಿಯವರು ಮುಂದಾಗಲಿಲ್ಲ. ಹಗುರವಾದ ಕಾರು ಏರನ್ನು ಸುಲಭವಾಗಿ ಹತ್ತಿತು. ಆಸ್ಪತ್ರೆಯ ಗೇಟಿಗೆ ಹದಿಮೂರು ನಿಮಿಷ. ಆದರೆ ರಸ್ತೆಯ ಪ್ರತಿ ಗುಂಡಿಯೂ ಬೆನ್ನುಮೂಳೆಗೆ ತಾಗಿತು, ಮತ್ತು ಇಳಿಯುವಾಗ ವೆನಿಂಗ್‌ಗೆ ಏಳಲೇ ಆಗಲಿಲ್ಲ. ಸೀಟು ನೆಲಕ್ಕೆ ಅಷ್ಟು ಹತ್ತಿರ. ಸಿಗಿತ್ ಎರಡೂ ಕೈ ಹಿಡಿದು ಎಳೆದ.

"ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಿದ್ರಿ," ಎಂದು ಅವಳು ಏದುಸಿರು ಬಿಡುತ್ತ ನಕ್ಕಳು. "ನೋವು ಬಂದಾಗ ಹೀಗೆ ಮಡಚಿಕೊಂಡು ಕೂರೋಕಾಗತ್ತಾ ಪಾಕ್‌ದೆ?"

"ಆಗಲ್ಲ. ಕಾಲು ಚಾಚಿ ಮಲಗ್ಬೇಕು," ಎಂದ ಕರ್ಸಿದಿ. "ಆದ್ರೆ ಇದು ಹತ್ತಿತು. ಇನ್ನೊಂದು ಹತ್ತಲ್ಲ."

"ಇನ್ನೂ ಓಡ್ಸಿಲ್ವಲ್ಲ?"

"ಗೊತ್ತು ನಂಗೆ."

ಅಂಗಳಕ್ಕೆ ಮರಳಿ ಬಂದು ಬಂತೆಂಗ್‌ನ ಬಾಗಿಲು ತೆರೆದದ್ದೇ, ಯಾರೂ ಕರೆಯದಿದ್ದರೂ ಜನ ಹತ್ತತೊಡಗಿದರು. ದೊಡ್ಡ ಗಾಡಿಯ ಪರೀಕ್ಷೆ ಎಂದ ಮೇಲೆ ಕೇರಿ ಹೊರಗೆ ನಿಲ್ಲುವುದುಂಟೇ? ಸಮಿರಾನ್ ಮುಂದಿನ ಸೀಟು ಹಿಡಿದ. ಜುಮಾದಿ ಹಿಂದೆ ನುಗ್ಗಿದ. ಚರಂಡಿ ಬಳಿಯುತ್ತಿದ್ದ ಇಬ್ಬರು ಗಂಡಸರು, ಅವರ ಹೆಂಡಿರು, ಮತ್ತೆ ಎಂಬಾಹ್ ತುಕಿನೆಂ. ಎಂಬಾಹ್ ಎಂದರೆ ಅಜ್ಜಿ. ಕೇರಿಗೆಲ್ಲ ಅವಳೊಬ್ಬಳೇ ಅಜ್ಜಿ, ಎಪ್ಪತ್ತೆಂಟರ ಸಣಕಲು ಜೀವ. ಪೇಟೆಯಲ್ಲಿ ಇಳಿಸಿಬಿಡಿ ಎಂದು ಸಮಿರಾನ್ ಎರಡು ಮೂಟೆ ಕೋಸನ್ನೂ ಹಾಕಿಸಿದ.

"ಸ್ವಲ್ಪ ಒತ್ಕೊಳ್ಳಿ, ಒತ್ಕೊಳ್ಳಿ. ಇಕ್ಕಟ್ಟಾದ್ರೆ ಪ್ರೀತಿ ಜಾಸ್ತಿ," ಎಂದು ಅವನು ಹಿಂದಕ್ಕೆ ತಿರುಗಿ ಕೂಗಿದ.

ಕರ್ಸಿದಿ ಕನ್ನಡಿಯಲ್ಲಿ ತಲೆ ಎಣಿಸಿದ, ತನ್ನದೂ ಸೇರಿ. ಹತ್ತು. ಇಳಿಯಿರಿ ಎಂದು ಹೇಳಬಹುದಿತ್ತು. ಹೇಳುವುದು ಹೇಗೆ? ಇಪ್ಪತ್ತು ವರ್ಷದಿಂದ ಮನೆಗೆ ಬಂದು ಹೋಗುವವರು, ಪರ್ತಿನಿಯ ಗೋರಿಗೆ ಮಣ್ಣು ಹಾಕಿದವರು. ನಮ್ಮೂರಿನಲ್ಲಿ ಹಸಿವಾದರೂ ಬಾಯಿಬಿಟ್ಟು ಹೇಳುವುದಿಲ್ಲ, ಬೇಡವಾದರೂ ಹೇಳುವುದಿಲ್ಲ. ದಾಕ್ಷಿಣ್ಯ ಎಂಬುದನ್ನು ತಾಯಿಯ ಹಾಲಿನ ಜೊತೆಗೇ ಕುಡಿಸಿಬಿಡುತ್ತಾರೆ. ಅವನು ಗೇರು ಹಾಕಿದ.

ಮೊದಲ ಎರಡು ಕಿಲೋಮೀಟರು ಮಾತು, ನಗು, ಜುಮಾದಿಯ ಕಾಲೆಳೆಯುವುದು ನಡೆಯಿತು. ಮೂರನೆಯದರಿಂದ ಏರು ಕಡಿದಾಯಿತು. ಕರ್ಸಿದಿ ಎರಡನೇ ಗೇರಿಗೆ ಇಳಿದ, ಆಮೇಲೆ ಮೊದಲನೆಯದಕ್ಕೆ. ಇಂಜಿನ್ನು ಮೂಲವ್ಯಾಧಿಯವನ ಹಾಗೆ ಮುಲುಗಿತು. ಹಿಂದೆ ಕಪ್ಪು ಹೊಗೆ. ಒಂದು ಮೋಟರ್ ಸೈಕಲ್ ದಾಟಿ ಹೋಯಿತು, ಆಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕ ಬಹಳ ಹೊತ್ತು ಕಿಟಕಿಯ ಪಕ್ಕದಲ್ಲೇ ನಡೆದ. ಕಾರಿನೊಳಗೆ ಮಾತು ಒಂದೊಂದಾಗಿ ನಿಂತಿತು. ಆ ಮೌನ ಕರ್ಸಿದಿಗೆ ಗೊತ್ತಿತ್ತು. ಆವತ್ತೂ ಇದೇ ಜಾಗದಲ್ಲಿ ಹೀಗೇ ಎಲ್ಲರೂ ಕಿಟಕಿಯಾಚೆ ನೋಡುತ್ತ ಸುಮ್ಮನಾಗಿದ್ದರು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಗಡಿಯಾರ ನೋಡಿದಂತೆ ನೋಡುತ್ತಿದ್ದ.

ಬಿದಿರು ತಿರುವು ಬಂದಿತು. ನಡುವಿನ ಸೀಟಿನಲ್ಲಿ ವೆನಿಂಗ್ ಕಿಟಕಿಗೆ ಒತ್ತಿ ಕೂತಿದ್ದಳು. ಅವಳ ಮೊಣಕಾಲಿನ ಹತ್ತಿರ ಕೋಸಿನ ಮೂಟೆ, ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ತುಕಿನೆಂ ಅಜ್ಜಿ. ತಿರುವಿನಲ್ಲಿ ಕಾರು ವಾಲಿದಾಗ ವೆನಿಂಗ್ ಹೊಟ್ಟೆಯ ಕೆಳಗೆ ಕೈ ಕೊಟ್ಟು ಇನ್ನಷ್ಟು ಸರಿದಳು.

"ಬನ್ನಿ ಎಂಬಾಹ್, ಈ ಕಡೆ ಬನ್ನಿ. ಜಾಗ ಇದೆ," ಎಂದಳು.

ಪರ್ತಿನಿಯೂ ಸರಿದಿದ್ದಳು. ಎಡಗೈ ಎದೆಗೆ ಒತ್ತಿಕೊಂಡು, ಬೆವರುತ್ತ, ಬಲಗೈಯಿಂದ ಸೀಟು ತಟ್ಟಿ ಇದೇ ಅಜ್ಜಿಯನ್ನು ಕೂರಿಸಿಕೊಂಡಿದ್ದಳು. ಕನ್ನಡಿಯಲ್ಲಿ ಅದನ್ನು ಕರ್ಸಿದಿ ನೋಡಿದ್ದ. ನೋಡಿಯೂ ಆಕ್ಸಿಲರೇಟರ್ ಒತ್ತಿದ್ದ.

ಅವನು ಬ್ರೇಕ್ ಹಾಕಿದ. ಹ್ಯಾಂಡ್ ಬ್ರೇಕನ್ನೂ ಎಳೆದ.

"ಇಳೀರಿ," ಎಂದ.

ಯಾರಿಗೂ ಅರ್ಥವಾಗಲಿಲ್ಲ. ಸಮಿರಾನ್ ಕಿಟಕಿಯಿಂದ ತಲೆ ಹೊರಹಾಕಿ ಚಕ್ರ ನೋಡಿದ. "ಏನಾಯ್ತು? ಪಂಚರ್ರಾ?"

"ಪಂಚರ್ ಆಗಿಲ್ಲ. ಭಾರ ಜಾಸ್ತಿ ಆಗಿದೆ. ವೆನಿಂಗ್, ಸಿಗಿತ್ ಇಬ್ರೇ ಇರ್ಲಿ. ಉಳಿದೋರೆಲ್ಲ ಇಳೀರಿ. ಕೋಸೂ ಇಳ್ಸಿ."

ಮೂವತ್ತು ವರ್ಷದಲ್ಲಿ ಆ ಕೇರಿಯಲ್ಲಿ ಯಾರೂ ಯಾರಿಗೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿರಲಿಲ್ಲ. ಸಮಿರಾನ್‌ನ ಕಿವಿ ಕೆಂಪಾಯಿತು. ಅವನು ಏನೋ ತಮಾಷೆ ಹುಡುಕಿದ, ಸಿಗಲಿಲ್ಲ. ಬಾಗಿಲುಗಳು ತೆರೆದುಕೊಂಡವು. ಒಬ್ಬೊಬ್ಬರಾಗಿ ಇಳಿದರು. ತುಕಿನೆಂ ಅಜ್ಜಿಯನ್ನು ಜುಮಾದಿ ಕೈ ಹಿಡಿದು ಇಳಿಸಿದ. ಕೋಸಿನ ಮೂಟೆಗಳು ರಸ್ತೆ ಬದಿಗೆ ಬಂದವು.

ಕರ್ಸಿದಿ ಐದು ನಿಮಿಷ ಬಾನೆಟ್ಟು ತೆರೆದು ಇಂಜಿನ್ನು ಆರಲು ಬಿಟ್ಟು, ಗಡಿಯಾರ ನೋಡಿ ಹೊರಟ.

ಕಾರು ಹತ್ತಿತು. ಮೊದಲನೇ ಗೇರು, ಎರಡನೆಯದು, ಸ್ವಲ್ಪ ಸಮತಟ್ಟಾದ ಜಾಗದಲ್ಲಿ ಮೂರನೆಯದು. ಅತ್ಯಂತ ಕಡಿದಾದ ಕೊನೆಯ ಏರಿನಲ್ಲೂ ಅದು ಮೊದಲನೆಯದಕ್ಕೆ ಇಳಿಯಲು ಕೇಳಲಿಲ್ಲ. ಬಿಸಿಯ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ವೆನಿಂಗ್ ಕಾಲು ಚಾಚಿ ಒರಗಿ, "ಇದ್ರಲ್ಲಿ ಗುಂಡಿ ಗೊತ್ತೇ ಆಗಲ್ಲ" ಎಂದಳು. ತಿರುವಿನಿಂದ ಗೇಟಿಗೆ ಏಳು ನಿಮಿಷ. ಕೆಳಗಿನ ಅರ್ಧವನ್ನೂ ಇದೇ ಲೆಕ್ಕದಲ್ಲಿ ಹಿಡಿದರೆ ಮಸೀದಿಯಿಂದ ಇಲ್ಲಿಗೆ ಹದಿನಾಲ್ಕು ನಿಮಿಷ.

ಆಸ್ಪತ್ರೆಯ ಗೇಟಿನೆದುರು ಇಂಜಿನ್ನು ಆರಿಸಿ ಅವನು ಸ್ಟೀರಿಂಗ್ ಹಿಡಿದೇ ಕೂತ. ನಲವತ್ತೆಂಟರಲ್ಲಿ ಹದಿನಾಲ್ಕು ಹೋದರೆ ಮೂವತ್ತನಾಲ್ಕು. ಡಾಕ್ಟರು ಕೇಳಿದ್ದು ಇಪ್ಪತ್ತು ಮಾತ್ರ.

"ಪಾಕ್‌ದೆ," ಎಂದ ಸಿಗಿತ್ ಮೆಲ್ಲಗೆ. "ಯಾವ್ದು ತಗೊಳ್ಳೋಣ?"

"ಇದನ್ನೇ ತಗೋ."

"ಇದು ಹತ್ತಲ್ಲ ಅಂದ್ರಲ್ಲ?"

"ತಪ್ಪು ಹೇಳ್ದೆ. ಗಾಡೀದು ಏನೂ ತಪ್ಪಿಲ್ಲ," ಎಂದ ಕರ್ಸಿದಿ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. ನಾಲ್ಕು ತಿಂಗಳಿಂದ ಗಾಡಿಯ ಮೇಲೆ ಹೊರಿಸಿದ್ದು ಈಗ ಇಡಲು ಬೇರೆ ಜಾಗವಿಲ್ಲದೆ ಅವನ ತಲೆಯ ಮೇಲೇ ಬಂದು ಕೂತಿತ್ತು.

ವೆನಿಂಗ್ ಮುಂದಕ್ಕೆ ಬಾಗಿ ಕೇಳಿದಳು. "ನೋವು ಬಂದ ದಿನ ಅವ್ರೆಲ್ಲ ಹತ್ತಿ ಕೂತ್ರೆ? ಇಳೀರಿ ಅಂತ ನಾನು ಹೇಳೋಕಾಗತ್ತಾ? ಇವ್ರಂತೂ ಹೇಳಲ್ಲ, ಬಟ್ಟೆ ಅಳತೆ ತಪ್ಪಾದ್ರೆ ಗಿರಾಕಿಗೆ ತಾವೇ ಕ್ಷಮೆ ಕೇಳ್ತಾರೆ, ಗಿರಾಕಿ ದಪ್ಪ ಆಗಿದ್ರೂ."

"ನಾನು ಹೇಳ್ತೀನಿ," ಎಂದ ಕರ್ಸಿದಿ.

ಇಳಿದು ಬರುವಾಗ ತಿರುವಿನಲ್ಲಿ ಅವರೆಲ್ಲ ಇನ್ನೂ ನಿಂತಿದ್ದರು. ನಡೆದು ಹೋಗಬಹುದಿತ್ತು, ಹೋಗಿರಲಿಲ್ಲ. ಕರ್ಸಿದಿ ಕಾರು ನಿಲ್ಲಿಸಿ ಇಳಿದ. ಸಮಿರಾನ್ ಕೋಸಿನ ಮೂಟೆಯ ಮೇಲೆ ಕೂತವನು ಎದ್ದು ನಿಂತ. ಅವನೇ ಮೊದಲು ಮಾತಾಡಿದ, ದನಿ ಎಂದಿಗಿಂತ ಸಣ್ಣದಾಗಿತ್ತು.

"ಬೇಗ ಹತ್ತಿತಲ್ಲ. ಇಲ್ಲಿಂದ ಸದ್ದು ಕೇಳ್ತಿತ್ತು."

"ಏಳು ನಿಮಿಷ," ಎಂದ ಕರ್ಸಿದಿ. "ಆವತ್ತು ಇಲ್ಲಿಂದ ಇಪ್ಪತ್ತೇಳು ಆಗಿತ್ತು."

ಆವತ್ತು ಎಂಬ ಮಾತು ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ನಡುವೆ ಬಂದಿತ್ತು. ಹೆಂಗಸರಲ್ಲೊಬ್ಬಳು ಸೆರಗಿನಂತಿದ್ದ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಜುಮಾದಿ ದಲ್ಲಾಳಿಯಾದರೂ ನೆಲ ನೋಡಿದ.

"ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ ಉಳೀತಿದ್ಳೇನೋ ಅಂತ ಡಾಕ್ಟ್ರು ಹೇಳಿದ್ರು," ಎಂದ ಕರ್ಸಿದಿ. ಬಯ್ಯುವ ಹಾಗೆ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ. "ಭಾರ ಜಾಸ್ತಿ ಆಗಿದೆ ಅಂತ ನಂಗೆ ಗೊತ್ತಿತ್ತು. ಇಳೀರಿ ಅಂತ ನಾನು ಹೇಳ್ಲಿಲ್ಲ."

ತುಕಿನೆಂ ಅಜ್ಜಿ ರಸ್ತೆ ಬದಿಯ ಕಲ್ಲಿನ ಮೇಲಿಂದ ಎದ್ದು, ಅವನ ಹತ್ತಿರ ಬಂದು, ಅವನ ಅಂಗಿಯ ತೋಳು ಹಿಡಿದಳು.

"ನಂಗೂ ಗೊತ್ತಿತ್ತು ಮಗಾ. ಅವಳ ಪಕ್ಕದಲ್ಲೇ ಕೂತಿದ್ನಲ್ಲ. ಅವಳ ಕೈ ತಣ್ಣಗಾಗ್ತಿತ್ತು. ಇಳಿದ್ಬಿಡೋಣ ಅಂತ ಮೂರು ಸಲ ಬಾಯಿಗೆ ಬಂತು. ಇಳಿದ್ರೆ, ಮುದುಕಿ ಅರ್ಧ ದಾರೀಲಿ ಕೈಬಿಟ್ಳು ಅಂತೀಯೇನೋ ಅಂದ್ಕೊಂಡೆ. ನೀನೇ ಹೇಳ್ತೀಯ ಅಂತ ಕಾಯ್ತಾ ಕೂತೆ."

"ನಾನೂ ಅಷ್ಟೇ," ಎಂದ ಸಮಿರಾನ್ ಟೋಪಿ ಕೈಯಲ್ಲಿ ತಿರುಗಿಸುತ್ತ. "ಇಳಿದ್ರೆ, ನನ್ನ ಹೆಂಡ್ತಿ ಸಾಯ್ತಾ ಇರೋವಾಗ ಇವನು ತನ್ನ ಕಾಲು ನೋವು ನೋಡ್ಕೊಂಡ ಅಂದ್ಕೊಳ್ತೀಯ ಅನ್ನಿಸ್ತು. ಒಂದು ಮಾತು ನೀನು ಹೇಳಿದ್ರೆ ಎಲ್ರೂ ಹಾರಿಬಿಡ್ತಿದ್ವಿ."

"ನಾನು, ಯಾರಾದ್ರೂ ಒಬ್ರು ತಾವಾಗೇ ಇಳೀತಾರೆ ಅಂತ ಕಾಯ್ತಾ ಇದ್ದೆ," ಎಂದ ಕರ್ಸಿದಿ.

ಕಾರಿನ ಬಾಗಿಲು ತೆರೆದೇ ಇತ್ತು, ಇಳಿಜಾರಾದ್ದರಿಂದ ಎಲ್ಲರೂ ಕೂತು ಹೋಗಬಹುದಿತ್ತು. ಅಜ್ಜಿಯೊಬ್ಬಳನ್ನು ವೆನಿಂಗ್ ಒತ್ತಾಯ ಮಾಡಿ ಕೂರಿಸಿಕೊಂಡಳು. ಉಳಿದವರು ಬಿಸಿಲಿನಲ್ಲಿ ನಡೆದೇ ಕೇರಿಗೆ ಬಂದರು. ಕೋಸನ್ನು ಆ ದಿನ ಯಾರೂ ಮಾರಲಿಲ್ಲ.

ಮೂರು ವಾರದ ನಂತರ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ವೆನಿಂಗ್‌ಗೆ ನೋವು ಶುರುವಾಯಿತು. ಸಿಗಿತ್ ಹೊಲಿಗೆ ಯಂತ್ರ ಬಿಟ್ಟು ಓಡಿ ಬಂದು ಕರ್ಸಿದಿಯನ್ನು ಕರೆದ. ಅವರು ಕೊಂಡಿದ್ದ ಬಂತೆಂಗ್ ಅಂಗಳದಿಂದ ಹೊರಗೆ ಬರುವ ಹೊತ್ತಿಗೆ ಕೇರಿಯೂ ಬಂದಿತ್ತು. ಚಾಪೆ, ಫ್ಲಾಸ್ಕು, ಊಟದ ಪೊಟ್ಟಣ, ಎಲ್ಲ ಕೈಯಲ್ಲಿತ್ತು. ಕರ್ಸಿದಿ ಹೇಳಬೇಕೆಂದಿದ್ದ ಮಾತನ್ನು ಗಂಟಲಿಗೆ ತಂದುಕೊಂಡು ಕಿಟಕಿಯ ಗಾಜು ಇಳಿಸಿದ.

ಹೇಳಬೇಕಾಗಲಿಲ್ಲ. ಸಮಿರಾನ್‌ನ ಕೈ ಅಭ್ಯಾಸಬಲದಿಂದ ಹಿಂದಿನ ಬಾಗಿಲಿನ ಹಿಡಿಗೆ ಹೋಯಿತು, ಅಲ್ಲೇ ನಿಂತಿತು, ಆಮೇಲೆ ಬಾಗಿಲನ್ನು ಹೊರಗಿನಿಂದ ಗಟ್ಟಿಯಾಗಿ ಒತ್ತಿ ಮುಚ್ಚಿತು. ತುಕಿನೆಂ ಅಜ್ಜಿ ಫ್ಲಾಸ್ಕನ್ನು ಕಿಟಕಿಯಿಂದ ಒಳಗೆ ಕೊಟ್ಟಳು. "ಹೋಗು ಮಗಾ, ಬೇಗ ಹೋಗು," ಎಂದಳು. ಉಳಿದವರು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ರಸ್ತೆಯ ಎರಡೂ ಬದಿಗೆ ಸರಿದು ನಿಂತರು.

ಹದಿಮೂರು ನಿಮಿಷದಲ್ಲಿ ಅವರು ಗೇಟಿನಲ್ಲಿದ್ದರು. ನರ್ಸು ಗಾಲಿಕುರ್ಚಿ ತಂದು ವೆನಿಂಗ್‌ಳ ನಾಡಿ ಹಿಡಿದು, "ಒಳ್ಳೇ ಹೊತ್ತಿಗೆ ಬಂದ್ರಿ, ಗಾಬರಿ ಬೇಡ" ಎಂದಳು. ಸಿಗಿತ್ ಕುರ್ಚಿಯ ಹಿಂದೆ ಓಡಿದ.

ಕರ್ಸಿದಿ ಕಾರನ್ನು ನೆರಳಿಗೆ ತಂದು ನಿಲ್ಲಿಸಿದ. ಇಂಜಿನ್ನು ಆರಿಸಿ, ಹಿಂದಕ್ಕೆ ತಿರುಗಿ ನೋಡಿದ. ಖಾಲಿ ಸೀಟುಗಳು ಒಂದರ ಹಿಂದೊಂದು ಸಾಲಾಗಿದ್ದವು. ಇಷ್ಟು ಸುಲಭವಾಗಿತ್ತು. ಪರ್ತಿನಿಗೂ ಇಷ್ಟೇ ಬೇಕಾಗಿತ್ತು. ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟು, ನಾಲ್ಕೂವರೆ ತಿಂಗಳಲ್ಲಿ ಮೊದಲ ಸಲ, ಗಂಟಲು ಬಿಟ್ಟು ಅತ್ತ. ಗೇಟಿನ ಕಾವಲುಗಾರ ಕಿಟಕಿ ತಟ್ಟಿ, ಒಳಗಿರುವವರು ನಿಮಗೆ ಏನಾಗಬೇಕು ಎಂದು ಕೇಳಿದಾಗ ಅವನು ತಲೆ ಎತ್ತದೆ, ನಡುವಿನ ಖಾಲಿ ಸೀಟಿನ ಕಡೆ ಕೈ ತೋರಿಸಿದ.